ರುದ್ರಾಪುರದ ಗೌಂಡಿ ಚಾಚಾ

ಮೊದಲೇ ಹೇಳಿಬಿಡುತ್ತೇನೆ. ಬಾಂಗ್ಲಾದೇಶದ ರುದ್ರಾಪುರದಲ್ಲಿರುವ ಮಣ್ಣಿನ ಶಾಲೆ ನೋಡಬೇಕೆಂದಿದ್ದರೆ ಶುಕ್ರವಾರ, ಶನಿವಾರ ಹೋಗಬೇಡಿ. ಅಲ್ಲಿ ವಾರದ ರಜೆ ಆ ಎರಡು ದಿನ. ನಮಗೆ ಗಾಡಿ, ಹೋಟೆಲ್ ಗೊತ್ತುಮಾಡಿಕೊಟ್ಟವನು "ಶುಕ್ರವಾರ ತೆಗೆದಿರ್ತದೆ, ನಾನು ಮಾತಾಡಿದ್ದೀನಿ" ಅಂದಿದ್ದ. ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಐದು ದಿನದ ಪ್ರವಾಸದಲ್ಲಿ ಎರಡು ದಿನ ಹೀಗೇ ಹೋಯಿತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮಧ್ಯದವರನ್ನು ನಂಬದೆ ಶಾಲೆಯವರಿಗೆ ನೀವೇ ಬರೆದು, ಒಪ್ಪಿಗೆ ಪಡೆದು, ಭಾನುವಾರದ ಮೇಲೆ ಹೋಗಿ.

ಆ ಎರಡು ದಿನದಲ್ಲಿ ಕಾಂತಜಿ ದೇವಸ್ಥಾನ ನೋಡಿದೆವು. 1752ರಲ್ಲಿ ಕಟ್ಟಿ ಮುಗಿಸಿದ ಗುಡಿ. ಗೋಡೆಯ ತುಂಬ ಸುಟ್ಟ ಮಣ್ಣಿನ ಚಿತ್ರಗಳು. ಚೆನ್ನಾಗಿದೆ. ಆದರೆ ನನ್ನ ಮನಸ್ಸೆಲ್ಲ ಇನ್ನೊಂದು ಮಣ್ಣಿನ ಗೋಡೆಯ ಮೇಲಿತ್ತು.

ಕೋಲ್ಕತ್ತಾದ ನನ್ನ ಗೆಳತಿ ಜೊತೆಗಿದ್ದಳು. ಬಂಗಾಳಿ ಅವಳ ಮನೆಮಾತು, ಅವಳಿಲ್ಲದಿದ್ದರೆ ಈ ಕಥೆಯೇ ಇಲ್ಲ. ಬಾಲೂರ್‌ಘಾಟ್ ತನಕ ರೈಲಿನಲ್ಲಿ ಬಂದು, ಹಿಲಿ ಗಡಿ ದಾಟಿ, ಗಡಿಯಾರ ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡು ರುದ್ರಾಪುರದ ಜಿಲ್ಲಾಕೇಂದ್ರ ದಿನಾಜ್‌ಪುರ ಸೇರಿದ್ದೆವು. ಫೆಬ್ರುವರಿ ತಿಂಗಳು. ದಾರಿಯುದ್ದಕ್ಕೂ ಭತ್ತದ ನಾಟಿ ನಡೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಮತ್ತೆ ರುದ್ರಾಪುರಕ್ಕೆ ಹೋದೆವು. ಊರಿನ ಹೆಸರು ಕೇಳಿದರೆ ನಮ್ಮ ಕಡೆಯದೇ ಅನ್ನಿಸುತ್ತದೆ ಅಲ್ವಾ? ಅಲ್ಲಿರುವ ಆ ಶಾಲೆಯ ಹೆಸರು ಮೇಟಿ (METI), ಎರಡು ಅಂತಸ್ತಿನದು. ಕೆಳಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಬಿದಿರು, ಅದರ ಮೇಲೆ ತಗಡು. ಕೆಳಗಿನ ಮೂರು ತರಗತಿಗಳ ಹಿಂದೆ ಗುಹೆಯಂಥ ಗೂಡುಗಳಿವೆ. ಮಕ್ಕಳು ಗೋಡೆಯ ತೂತಿನೊಳಗೆ ತೂರಿ ಅಲ್ಲಿ ಕೂತು ಓದುತ್ತಾರೆ. ನಾನೂ ತೂರಿದೆ. ಒಳಗೆ ತಂಪು, ಮಣ್ಣಿನ ವಾಸನೆ. ಗದಗಿನ ಕಡೆ ನಮ್ಮಜ್ಜಿಯ ಮಾಳಿಗೆ ಮನೆಯಲ್ಲಿ ಇದೇ ವಾಸನೆ ಇರುತ್ತಿತ್ತು. ಆ ಮನೆ ಕೆಡವಿ ಆರ್‌ಸಿಸಿ ಹಾಕಿದೆವು. ಈಗ ಬೇಸಿಗೆಯಲ್ಲಿ ಅದರೊಳಗೆ ಯಾರೂ ಮಧ್ಯಾಹ್ನ ಮಲಗುವುದಿಲ್ಲ.

ಈ ಶಾಲೆಯನ್ನು ರೂಪಿಸಿದವರು ಜರ್ಮನಿಯ ಅನ್ನಾ ಹೆರಿಂಗರ್. 1997ರಲ್ಲಿ, ಇನ್ನೂ ಹತ್ತೊಂಬತ್ತರ ವಯಸ್ಸಿನಲ್ಲಿ, ದೀಪಶಿಖಾ ಎಂಬ ಸಂಸ್ಥೆಯ ಜೊತೆ ಕೆಲಸ ಮಾಡಲು ಈ ದೇಶಕ್ಕೆ ಬಂದಿದ್ದರು. ಆಮೇಲೆ ಕಟ್ಟಡ ವಿನ್ಯಾಸ ಓದಿದರು. 2005ರಲ್ಲಿ ಐಕೆ ರೋಸ್ವಾಗ್ ಎಂಬ ಇನ್ನೊಬ್ಬ ವಿನ್ಯಾಸಕರ ಜೊತೆ ಬಂದು ಕಟ್ಟಲು ನಿಂತರು. 2007ರಲ್ಲಿ ಇದಕ್ಕೆ ಒಳ್ಳೆಯ ಕಟ್ಟಡಗಳಿಗೆ ಕೊಡುವ ಆಗಾ ಖಾನ್ ಪ್ರಶಸ್ತಿಯೂ ಬಂತು. ಇಷ್ಟು ನಾನು ಮನೆಯಲ್ಲೇ ಓದಿಕೊಂಡಿದ್ದೆ.

ಓದಿ ತಿಳಿಯದಿದ್ದನ್ನು ಹೇಳಿದವರು ಒಬ್ಬ ಗೌಂಡಿ. ಟೀ ಅಂಗಡಿಯಲ್ಲಿ ನಮ್ಮ ಪಕ್ಕ ಕೂತಿದ್ದರು. "ಆ ಶಾಲೆ ಕಟ್ಟಿದವರಲ್ಲಿ ನಾನೂ ಒಬ್ಬ" ಅಂದರು. ನಾವು ಚಾಚಾ ಅಂತ ಕರೆದೆವು, ಅವರು ನಮ್ಮನ್ನು ದೀದಿ ಅಂದರು. ಸುಮ್ನೆ ಹತ್ತು ನಿಮಿಷ ಅಂತ ಶುರುವಾದ ಮಾತು ಮೂರು ಲೋಟ ಟೀ ಆಗುವ ತನಕ ನಡೆಯಿತು.

"ಮೊದಲು ನಿಮಗೆಲ್ಲ ಏನನ್ನಿಸಿತು ಚಾಚಾ?"

"ಬೇಜಾರಾಯಿತು, ದೀದಿ. ಶಾಲೆ ಅಂದರೆ ಇಟ್ಟಿಗೆದು ಬೇಕು. ಮಣ್ಣಿನ ಮನೆಯಲ್ಲಿ ನಾವಿದ್ದದ್ದು ಸಾಲದೇ, ಮಕ್ಕಳೂ ಅಲ್ಲೇ ಕೂರಬೇಕಾ ಅನ್ನಿಸಿತು."

"ಮತ್ತೆ ಒಪ್ಪಿದ್ದು ಹೇಗೆ?"

ಅವರು ನೆಲಕ್ಕೆ ಬಗ್ಗಿ ಕಡ್ಡಿಯಿಂದ ಗೆರೆ ಎಳೆದರು. ಅವರ ಹಳೆಯ ಮನೆಗಳಿಗೆ ಬುನಾದಿಯೇ ಇರುತ್ತಿರಲಿಲ್ಲವಂತೆ. ಗೋಡೆ ನೇರ ನೆಲದ ಮೇಲೆ ಕೂರುತ್ತಿತ್ತು. ಮಳೆಗಾಲದಲ್ಲಿ ಕೆಳಗಿನಿಂದ ನೀರು ಏರಿ ಗೋಡೆ ಕುಸಿಯುತ್ತಿತ್ತು. ಶಾಲೆಗೆ ಅರ್ಧ ಮೀಟರ್ ಆಳ ಇಟ್ಟಿಗೆ ಬುನಾದಿ ಹಾಕಿದರು. ಅದರ ಮೇಲೆ ಎರಡು ಪದರ ಪ್ಲಾಸ್ಟಿಕ್ ಹಾಳೆ. ಆಮೇಲೆ ಮಣ್ಣು, ಹುಲ್ಲು, ನೀರು ಕಲಸಿ ದನಗಳಿಂದ ತುಳಿಸಿದರು. ಮೊಣಕಾಲಿಗಿಂತ ಸ್ವಲ್ಪ ಎತ್ತರಕ್ಕೆ ಒಂದು ವರಸೆ ಹಾಕುವುದು, ಕೆಲವು ದಿನ ಆರಿದ ಮೇಲೆ ಚೂಪು ಸಲಿಕೆಯಿಂದ ಅಂಚು ಕೆತ್ತುವುದು, ಮತ್ತೊಂದು ವಾರ ಆರಲು ಬಿಟ್ಟು ಮುಂದಿನ ವರಸೆ.

"ಮಣ್ಣಿನ ತಪ್ಪಲ್ಲ ಅದು," ಅಂದರು ಚಾಚಾ. "ನೀರಿನ ದಾರಿ ನಮಗೆ ಗೊತ್ತಿರಲಿಲ್ಲ."

ಆಮೇಲೆ ಅವರೇ ಕೇಳಿದರು, "ನಿಮ್ಮೂರಲ್ಲಿ ಶಾಲೆ ಕಟ್ಟಿದರೆ ದುಡ್ಡು ಯಾರಿಗೆ ಹೋಗುತ್ತೆ ದೀದಿ?"

ನಾನು ಯೋಚಿಸಿದೆ. ಸಿಮೆಂಟು, ಕಬ್ಬಿಣ ಪಟ್ಟಣದಿಂದ ಬರುತ್ತದೆ. ಕಂಟ್ರಾಕ್ಟರ್ ಹೊರಗಿನವನು. ಎಷ್ಟೋ ಸಲ ಆಳುಗಳೂ ಹೊರಗಿನವರು. ಊರಿಗೆ ಉಳಿಯುವುದು ಕಟ್ಟಡ ಮಾತ್ರ. ಹಾಗೇ ಹೇಳಿದೆ.

ಅವರು ಬೆರಳು ಮಡಚಿ ಎಣಿಸಿದರು. ಮಣ್ಣು ಇಲ್ಲಿಯದೇ. ಬಿದಿರು ಬೆಳೆದವನು ಇಲ್ಲಿಯವನು, ಹುಲ್ಲು ಮಾರಿದವನೂ ಇಲ್ಲಿಯವನು. ದನ ತಂದವನಿಗೂ ದುಡ್ಡು ಸಿಕ್ಕಿತು. ಕೂಲಿ ಇಲ್ಲಿಯವರಿಗೇ. ಹತ್ತಿರದ 25 ಜನ ಕೆಲಸ ಕಲಿತರು. "ನಾನು ಆಗ ಕೂಲಿ. ಈಗ ಗೌಂಡಿ. ನನ್ನ ಮನೆಗೂ ಅದೇ ಥರ ಬುನಾದಿ ಹಾಕಿದ್ದೀನಿ, ಬಂದು ನೋಡಿ" ಅಂದರು. ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು. ನನ್ನ ಕಣ್ಣು ತುಂಬಿ ಬಂತು.

ನನಗಂತೂ ಪ್ರಶಸ್ತಿಗಿಂತ ಆ ಮನೆಯ ಬುನಾದಿಯೇ ದೊಡ್ಡದು. ನಮ್ಮಲ್ಲಿ ಹಳ್ಳಿ ಶಾಲೆ ಎಂದರೆ ಹೆಚ್ಚಿನ ಕಡೆ ಒಂದೇ ಥರದ ನಕ್ಷೆ. ಮಲೆನಾಡಿನ ಮಳೆಗೂ ಅದೇ, ರಾಯಚೂರಿನ ಬಿಸಿಲಿಗೂ ಅದೇ. ಗೋಡೆ ಬಿರುಕು ಬಿಟ್ಟರೆ ಎಷ್ಟೋ ಸಲ ಊರಿನವರು ಮಂಜೂರಾತಿಗೆ ಕಾಯುತ್ತಾ ಕೂರುತ್ತಾರೆ. ಇದು ನನಗೆ ತುಂಬಾ ನೋವಿನ ವಿಷಯ.

ಸಂಜೆ ಆನಂದಾಲಯ ನೋಡಿದೆವು. ಅದೂ ಹೆರಿಂಗರ್ ಅವರದೇ, ಅದೇ ಊರಿನಲ್ಲಿ. 2020ರಲ್ಲಿ ಓಬೆಲ್ ಎಂಬ ವಾಸ್ತುಶಿಲ್ಪ ಪ್ರಶಸ್ತಿ ಪಡೆದ ಕಟ್ಟಡ. ಕೆಳಗೆ ಅಂಗವಿಕಲರ ಕೇಂದ್ರ. ಗಾಲಿಕುರ್ಚಿಯಲ್ಲಿ ಮೇಲೆ ಹೋಗಲು ಕಟ್ಟಡವನ್ನು ಸುತ್ತುವ ಇಳಿಜಾರು ದಾರಿ. ಮೇಲೆ ಹೆಂಗಸರ ಹೊಲಿಗೆ ಕೆಲಸ. ಢಾಕಾದ ಗಾರ್ಮೆಂಟ್ಸ್‌ಗೆ ಹೋಗದೆ ಊರಿನಲ್ಲೇ ದುಡಿಯಲಿ ಅಂತ. ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಕಾಂಥಾ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಅಪ್ಪಟ ಕೌದಿ. "ನಮ್ಮಜ್ಜಿಯೂ ಹೀಗೇ ಹೊಲಿತಿದ್ದಳು" ಅಂದೆ. ಗೆಳತಿ ಅದನ್ನು ಬಂಗಾಳಿಯಲ್ಲಿ ಹೇಳಿದಳು. ಒಬ್ಬಾಕೆ ಸೂಜಿ ನನ್ನ ಕೈಗಿಟ್ಟರು. ನಾಲ್ಕು ಹೊಲಿಗೆ ಹಾಕಿದೆ. ಆಕೆ ನೋಡಿ, ಬಿಚ್ಚಿ, ಮತ್ತೆ ಹಾಕಿ ತೋರಿಸಿದರು.

ಹೊರಡುವಾಗ ಚಾಚಾ ಶಾಲೆಯ ಹತ್ತಿರ ಮತ್ತೆ ಸಿಕ್ಕರು. ಮೂಲೆಯಲ್ಲಿ ಒಂದು ಕಡೆ ಇರಚಲು ಹೊಡೆದು ಮಣ್ಣು ಸ್ವಲ್ಪ ಸವೆದಿತ್ತು. ಅಲ್ಲಿ ಅಂಗೈ ಆಡಿಸಿ ನೋಡಿದರು.

"ಇದನ್ನು ಯಾರು ಸರಿಮಾಡ್ತಾರೆ ಚಾಚಾ?" ಅಂತ ಕೇಳಿದೆ.

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗೆಳತಿ ಇನ್ನೊಮ್ಮೆ ಕೇಳಿದಳು.

"ನಾಟಿ ಮುಗೀಲಿ," ಅಂದರು. "ಬರ್ತೀನಿ."