ಆಸ್ಟ್ರೇಲಿಯಾದಲ್ಲಿ ಎನ್‌ರೋಲ್ಡ್ ನರ್ಸಿಂಗ್: ಕಾಲೇಜಿಗೆ ದುಡ್ಡು ಕಟ್ಟುವ ಮುಂಚೆ

ಆಸ್ಟ್ರೇಲಿಯಾದಲ್ಲೇ ಓದಿ ಎನ್‌ರೋಲ್ಡ್ ನರ್ಸ್ (ರಿಜಿಸ್ಟರ್ಡ್ ನರ್ಸ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ನರ್ಸ್) ಆಗಬೇಕೆಂದರೆ ಮಾಡಬೇಕಾದ ಕೋರ್ಸು ಡಿಪ್ಲೊಮಾ ಆಫ್ ನರ್ಸಿಂಗ್, ಸಂಕೇತ ಎಚ್‌ಎಲ್‌ಟಿ54121. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಟೇಫ್ ಎಂಬ ಸರ್ಕಾರಿ ವೃತ್ತಿಶಿಕ್ಷಣ ಸಂಸ್ಥೆಗಳಲ್ಲೂ ಇದೆ, ಖಾಸಗಿ ಕಾಲೇಜುಗಳಲ್ಲೂ ಇದೆ. ಅರ್ಹತೆಯ ಚೌಕಟ್ಟು ದೇಶಕ್ಕೆಲ್ಲ ಒಂದೇ ಆದ್ದರಿಂದ ಬ್ರೋಷರ್ ಓದಿದರೆ ಎಲ್ಲ ಕಾಲೇಜುಗಳೂ ಒಂದೇ ಥರ ಕಾಣುತ್ತವೆ. ಬಣ್ಣ ಬಯಲಾಗುವುದು ಪ್ಲೇಸ್‌ಮೆಂಟ್ ಹೊತ್ತಿಗೆ, ಅಂದರೆ ಕೋರ್ಸಿನ ಭಾಗವಾಗಿ ಆಸ್ಪತ್ರೆಯಂಥ ಕಡೆ ಮಾಡುವ ತರಬೇತಿಯ ಹೊತ್ತಿಗೆ (ಕೆಲಸ ಕೊಡಿಸುವುದಲ್ಲ).

ಅದಕ್ಕೂ ಮೊದಲು ಮಾನ್ಯತೆಯ ಮಾತು. ಸರ್ಕಾರದ ತರಬೇತಿ ಪಟ್ಟಿಯಲ್ಲಿ ಹೆಸರಿದ್ದರೆ ಕಾಲೇಜು ಕಲಿಸಬಹುದು ಅಂತ ಅರ್ಥ. ವಿದೇಶಿ ವಿದ್ಯಾರ್ಥಿಗಳಿಗಾಗಿ ಇರುವ ಕ್ರೈಕಾಸ್ ಎಂಬ ಸರ್ಕಾರಿ ಪಟ್ಟಿಯಲ್ಲಿ ಕೋರ್ಸ್ ಇದ್ದರೆ ಸ್ಟೂಡೆಂಟ್ ವೀಸಾದವರನ್ನು ಸೇರಿಸಿಕೊಳ್ಳಬಹುದು. ಏಜೆಂಟರು ಈ ಎರಡನ್ನು ತೋರಿಸಿ ಸುಮ್ಮನಾಗುತ್ತಾರೆ. ನಿಮಗೆ ಬೇಕಾಗಿರುವುದು ಮೂರನೆಯದು: ಆಪ್ರಾ (ಆರೋಗ್ಯ ವೃತ್ತಿಯವರನ್ನು ನೋಂದಾಯಿಸುವ ರಾಷ್ಟ್ರೀಯ ಸಂಸ್ಥೆ) ವೆಬ್‌ಸೈಟಿನಲ್ಲಿರುವ, ನರ್ಸಿಂಗ್ ಮಂಡಳಿ ಒಪ್ಪಿದ ಕೋರ್ಸುಗಳ ಪಟ್ಟಿ. ಅದರಲ್ಲಿ ಇಲ್ಲದ ಕೋರ್ಸ್ ಮುಗಿಸಿದರೆ ಸರ್ಟಿಫಿಕೇಟ್ ಕೈಗೆ ಬರಬಹುದು, ನರ್ಸ್ ಅಂತ ನೋಂದಣಿ ಆಗುವುದಿಲ್ಲ. ಕಾಲೇಜಿನ ಹೆಸರಷ್ಟೇ ಸಾಲದು, ನೀವು ಓದಲಿರುವ ಕ್ಯಾಂಪಸ್‌ಗೂ ಆ ಒಪ್ಪಿಗೆ ಇದೆಯಾ ಅಂತ ಕೇಳಿ. "ಸರ್ಟಿಫಿಕೇಟ್ ತ್ರೀ ಇನ್ ಇಂಡಿವಿಜುವಲ್ ಸಪೋರ್ಟ್" ಅನ್ನು ನರ್ಸಿಂಗ್ ಅಂತ ಮಾರುವವರೂ ಇದ್ದಾರೆ. ಅದು ವೃದ್ಧರ, ಅಂಗವಿಕಲರ ಆರೈಕೆಯ ಕೆಲಸಕ್ಕೆ. ಒಳ್ಳೆಯ ಕೆಲಸವೇ, ಆದರೆ ನರ್ಸ್ ಅಲ್ಲ.

ಈಗ ಪ್ಲೇಸ್‌ಮೆಂಟ್. ಕನಿಷ್ಠ 400 ಗಂಟೆ ಆಸ್ಪತ್ರೆ, ವೃದ್ಧಾಶ್ರಮದಂಥ ನಿಜವಾದ ಆರೈಕೆಯ ಜಾಗದಲ್ಲಿ ಇರಬೇಕು. ಲ್ಯಾಬಿನಲ್ಲಿ ಗೊಂಬೆಯ ಮೇಲೆ ಕಲಿತದ್ದು ಇದರಲ್ಲಿ ಸೇರುವುದಿಲ್ಲ. ಎಂಟು ಗಂಟೆಯ ಪಾಳಿ ಅಂದರೆ 50 ದಿನ. ಆಸ್ಪತ್ರೆಗಳು ಕೊಡುವ ಜಾಗ ಕಡಿಮೆ, ಕೇಳುವ ಕಾಲೇಜುಗಳು ಜಾಸ್ತಿ. ಹಾಗಾಗಿ ಥಿಯರಿ ಮುಗಿದರೂ ಜಾಗ ಸಿಗದೆ ತಿಂಗಳುಗಟ್ಟಲೆ ಕಾಯುವ ವಿದ್ಯಾರ್ಥಿಗಳಿರುತ್ತಾರೆ. ಅತ್ತ ವೀಸಾದ ಗಡುವು ಓಡುತ್ತಿರುತ್ತದೆ. ಸೇರುವ ಮೊದಲೇ ಇಮೇಲ್‌ನಲ್ಲಿ ಕೇಳಿ: ಯಾವ ಆಸ್ಪತ್ರೆಗಳ ಜೊತೆ ಒಪ್ಪಂದ ಇದೆ? ಕಳೆದ ಬ್ಯಾಚಿನವರು ಎಷ್ಟು ತಿಂಗಳು ಕಾದರು? ಗಂಟೆಗಳಲ್ಲಿ ಎಷ್ಟು ವೃದ್ಧಾಶ್ರಮದಲ್ಲಿ, ಎಷ್ಟು ಆಸ್ಪತ್ರೆಯ ವಾರ್ಡಿನಲ್ಲಿ? ಪೂರ್ತಿ ವೃದ್ಧಾಶ್ರಮದಲ್ಲೇ ಕಳೆದವರಿಗೆ ಮುಂದೆ ಆಸ್ಪತ್ರೆ ಕೆಲಸ ಹುಡುಕುವುದು ಕಷ್ಟ. "ಜಾಗ ನೀವೇ ಹುಡುಕಿಕೊಳ್ಳಿ" ಎಂಬ ಉತ್ತರ ಬಂದರೆ ಆ ಕಾಲೇಜನ್ನು ಬಿಟ್ಟುಬಿಡಿ. ಬೆಳಗಿನ ಪಾಳಿ ಸಾಮಾನ್ಯವಾಗಿ ಏಳರ ಹೊತ್ತಿಗೆ ಶುರುವಾಗುತ್ತದೆ. ಊರಾಚೆಯ ಆಸ್ಪತ್ರೆಗೆ ಹಾಕಿದರೆ ಅಷ್ಟು ಹೊತ್ತಿಗೆ ರೈಲು ಬಸ್ಸು ಸಿಗುವುದು ಅನುಮಾನ, ಕಾರು ಬೇಕಾಗಬಹುದು.

ವಾರ್ಡಿಗೆ ಕಾಲಿಡಲು ಪೊಲೀಸ್ ಚೆಕ್, ಮಕ್ಕಳ ಜೊತೆ ಕೆಲಸ ಮಾಡುವ ಪರವಾನಗಿ, ಲಸಿಕೆಯ ದಾಖಲೆ ಬೇಕು. ನಮ್ಮವರು ಸಿಕ್ಕಿಬೀಳುವುದು ಲಸಿಕೆಯಲ್ಲಿ. ಹೆಪಟೈಟಿಸ್ ಬಿ ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಕೊನೆಯ ಡೋಸಿನ ನಂತರ ನಾಲ್ಕರಿಂದ ಎಂಟು ವಾರ ಬಿಟ್ಟು ರಕ್ತಪರೀಕ್ಷೆ. ಅಲ್ಲಿಗೆ ಏಳೆಂಟು ತಿಂಗಳು. ಊರಲ್ಲಿರುವಾಗಲೇ ಶುರು ಮಾಡಿ, ಸಹಿ, ಸೀಲು, ಬ್ಯಾಚ್ ನಂಬರ್ ಇರುವ ಕಾಗದ ತನ್ನಿ. ಟಿಬಿ ಪರೀಕ್ಷೆಗೆ ರಕ್ತದ ಪರೀಕ್ಷೆ ಕೇಳುವುದು ಜಾಣತನ. ಹುಟ್ಟಿದಾಗ ಬಿಸಿಜಿ (ಟಿಬಿ ಲಸಿಕೆ) ಹಾಕಿಸಿಕೊಂಡವರಲ್ಲಿ ಚರ್ಮದ ಮೇಲಿನ ಮಾಂಟೂ ಪರೀಕ್ಷೆ ಕೆಲವೊಮ್ಮೆ ಸುಳ್ಳು ಪಾಸಿಟಿವ್ ತೋರಿಸುತ್ತದೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ಹಾಕಿಸುವುದಿದ್ದರೆ ಟಿಬಿ ಪರೀಕ್ಷೆ ಅದೇ ದಿನ ಮಾಡಿಸಿ, ಇಲ್ಲವಾದರೆ ಕನಿಷ್ಠ ನಾಲ್ಕು ವಾರ ಬಿಡಿ.

ಇಂಗ್ಲಿಷ್ ವಿಷಯದಲ್ಲಿ ಬೆಂಗಳೂರಿನ ಕಾನ್ವೆಂಟ್ ಓದು ನೋಂದಣಿಯ ಲೆಕ್ಕಕ್ಕೆ ಬರುವುದಿಲ್ಲ. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7 ಬೇಕು; ಬರವಣಿಗೆಗೆ 6.5 ಸಾಕು, ಉಳಿದ ಮೂರಕ್ಕೂ 7. ಇದಕ್ಕಿಂತ ಕಡಿಮೆ ಅಂಕಕ್ಕೆ "ಪರವಾಗಿಲ್ಲ, ಸೇರಿ" ಅನ್ನುವ ಕಾಲೇಜಿನ ಬಗ್ಗೆ ಎಚ್ಚರ.

ಕಲಿಸುವ ಗುಣಮಟ್ಟ ತಿಳಿಯಲು ಔಷಧದ ಲೆಕ್ಕ ಹೇಗೆ ಹೇಳಿಕೊಡುತ್ತಾರೆ ಅಂತ ವಿಚಾರಿಸಿ. 1000 ಮಿಲಿ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಮಿಲಿಗೆ 20 ಹನಿ. ಅಂದರೆ 20,000 ಹನಿಯನ್ನು 480 ನಿಮಿಷದಿಂದ ಭಾಗಿಸಿ, ನಿಮಿಷಕ್ಕೆ ಸುಮಾರು 42 ಹನಿ. ಇಂಥ ಪರೀಕ್ಷೆಯಲ್ಲಿ ಬಹಳ ಕಡೆ ನೂರಕ್ಕೆ ನೂರು ಬಂದರೇ ಪಾಸು. ಫೇಲಾದವರಿಗೆ ಎಷ್ಟು ಅವಕಾಶ, ಮರುಪರೀಕ್ಷೆಗೆ ಬೇರೆ ಫೀಸ್ ಇದೆಯಾ ಎಂಬುದೂ ಕೇಳಬೇಕಾದ್ದೇ.

ದುಡ್ಡು: ಪಿಆರ್ (ಕಾಯಂ ವಾಸದ ವೀಸಾ) ಇದ್ದವರು ವಿಕ್ಟೋರಿಯಾ ರಾಜ್ಯದಲ್ಲಿದ್ದರೆ ಮೊದಲು ಫ್ರೀ ಟೇಫ್ (ಟ್ಯೂಷನ್ ಫೀಸ್ ಇಲ್ಲದ ಸೀಟು) ಸಿಗುತ್ತದಾ ನೋಡಿ. ವೆಟ್ ಸ್ಟೂಡೆಂಟ್ ಲೋನ್ (ವೃತ್ತಿಶಿಕ್ಷಣಕ್ಕೆ ಸರ್ಕಾರ ಕೊಡುವ ಸಾಲ) ಮಾತ್ರ ಮುಖ್ಯವಾಗಿ ನಾಗರಿಕರಿಗೆ. ಬರೀ ಪಿಆರ್ ಆದವರಿಗೆ ಸಾಮಾನ್ಯವಾಗಿ ಇಲ್ಲ. ಸ್ಟೂಡೆಂಟ್ ವೀಸಾದವರಿಂದ ಕೋರ್ಸ್ ಶುರುವಾಗುವ ಮೊದಲು ಅರ್ಧಕ್ಕಿಂತ ಹೆಚ್ಚು ಟ್ಯೂಷನ್ ಫೀಸನ್ನು ಕಾಲೇಜು ಒತ್ತಾಯದಿಂದ ಕೇಳುವಂತಿಲ್ಲ. ಸ್ಟೂಡೆಂಟ್ ವೀಸಾದವರಿಗೆ ಇರುವ ಎರಡು ವಾರಕ್ಕೆ 48 ಗಂಟೆಯ ಕೆಲಸದ ಮಿತಿಯಲ್ಲಿ ಕೋರ್ಸಿನ ಭಾಗವಾದ ಪ್ಲೇಸ್‌ಮೆಂಟ್ ಸೇರುವುದಿಲ್ಲ.

ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದವರು ಈ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಆಪ್ರಾ ವೆಬ್‌ಸೈಟಿನ ಸೆಲ್ಫ್ ಚೆಕ್ (ನಿಮ್ಮ ಪದವಿಗೆ ಯಾವ ದಾರಿ ಇದೆ ಎಂದು ತಿಳಿಸುವ ಪ್ರಶ್ನಾವಳಿ) ಮಾಡಿ. ನಿಮಗೆ ಎನ್‌ಕ್ಲೆಕ್ಸ್ ಎಂಬ ಕಂಪ್ಯೂಟರ್ ಪರೀಕ್ಷೆ, ಆಮೇಲೆ ಆಸ್ಟ್ರೇಲಿಯಾದಲ್ಲಿ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಿ ನೇರವಾಗಿ ರಿಜಿಸ್ಟರ್ಡ್ ನರ್ಸ್ ಆಗುವ ದಾರಿ ಇರಬಹುದು. ಅದು ಬಿಟ್ಟು ಡಿಪ್ಲೊಮಾ ಮಾಡಿದರೆ ಎರಡು ವರ್ಷ ಕಳೆದು ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತೀರಿ, ಆ ಡಿಪ್ಲೊಮಾದ ಬಲದಿಂದ ಮೇಲೇರಲು ಮತ್ತೆ ಬ್ಯಾಚುಲರ್ ಸೇರಬೇಕು.