139ನೇ ಕೀರ್ತನೆಯನ್ನು ಓದಲು ಕಲಿಸಿದ ಬಗೆ

ಶಾಲೆಯ ಬೈಬಲ್ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಕೀರ್ತನೆಗಳಲ್ಲಿ (ಬೈಬಲಿನ ಪ್ರಾರ್ಥನಾಗೀತೆಗಳಲ್ಲಿ) 23ನೆಯದು ಬೇಗ ನಾಲಿಗೆಗೆ ಹತ್ತಿತು. 139ನೆಯದಕ್ಕೆ ಮಾತ್ರ ಓದುವ ಕ್ರಮವನ್ನೇ ಹೇಳಿಕೊಡಬೇಕಾಯಿತು. ದೇವರಿಗೆ ನಮ್ಮ ಬಗ್ಗೆ ಎಲ್ಲವೂ ಗೊತ್ತು ಎಂಬ ಅದರ ಮಾತು ಮಕ್ಕಳ ಕಿವಿಗೆ ಬೀಳುವುದು ಹೆಚ್ಚಾಗಿ ಬೆದರಿಕೆಯಾಗಿಯೇ. ಅದೇ ಮಾತು ಆಸರೆಯಾಗುವುದು ಹೇಗೆಂದು ತೋರಿಸಿದ ಆ ಪಾಠವನ್ನು ಈಗಿನ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ.

ಈ ಕೀರ್ತನೆಯಲ್ಲಿ 24 ವಚನಗಳಿವೆ. ಆರಾರರಂತೆ ನಾಲ್ಕು ಭಾಗ ಮಾಡಿ, ದಿನಕ್ಕೊಂದನ್ನು ಎರಡು ಸಲ ಗಟ್ಟಿಯಾಗಿ ಓದಬೇಕು. ಮೊದಲ ಭಾಗದಲ್ಲಿ ದೇವರು ನಾವು ಕೂರುವುದನ್ನೂ ಏಳುವುದನ್ನೂ ಬಲ್ಲನು, ಬಾಯಿಗೆ ಬಾರದ ಮಾತನ್ನೂ ಬಲ್ಲನು. ಎರಡನೆಯದು ಓಡಿಹೋಗಲು ಬಯಸುವವನ ಪ್ರಶ್ನೆಯಿಂದ ಶುರುವಾಗುತ್ತದೆ: ನಿನ್ನಿಂದ ಎಲ್ಲಿಗೆ ಹೋಗಲಿ? ಇದನ್ನು ಬರೀ ಸ್ತುತಿಯೆಂದು ತೇಲಿಸಿ ಓದಿದರೆ 10ನೇ ವಚನದ ಬಲ ತಿಳಿಯದು. ಓಡಿಹೋದವನನ್ನು ಅಲ್ಲಿಯೂ ಹಿಡಿಯುವ ದೇವರ ಕೈ ದಾರಿ ನಡೆಸುವ ಕೈ ಎನ್ನುತ್ತದೆ ಆ ವಚನ. ಮೂರನೆಯದು ತಾಯಿಯ ಗರ್ಭದಲ್ಲಿ ನಮ್ಮನ್ನು ರೂಪಿಸಿದ್ದನ್ನು ಹೇಳುತ್ತದೆ. ಬಲ್ಲವನು ಹೊರಗಿನ ನೋಟಗಾರನಲ್ಲ, ಮಾಡಿದವನೇ.

ನಾಲ್ಕನೆಯ ಭಾಗವನ್ನು ಅನೇಕರು ಬಿಟ್ಟುಬಿಡುತ್ತಾರೆ. 19ರಿಂದ 22ರವರೆಗೆ ಬರೀ ಸಿಟ್ಟು, ದ್ವೇಷ. ಆದರೆ ಎಲ್ಲ ಬಲ್ಲವನ ಮುಂದೆ ಸಿಟ್ಟನ್ನು ಮುಚ್ಚಿಟ್ಟು ಮಾಡುವ ಪ್ರಾರ್ಥನೆ ನಟನೆಯಾಗುತ್ತದೆ. ಕೀರ್ತನೆಗಾರ ಅದನ್ನು ಹೊರಗಿಟ್ಟ ಮೇಲೆಯೇ 23ರಲ್ಲಿ ‘ನನ್ನನ್ನು ಪರೀಕ್ಷಿಸು’ ಎಂದು ಕೇಳುತ್ತಾನೆ. ಪರೀಕ್ಷಿಸಿ ತಿಳಿದುಕೊಂಡಿದ್ದೀ ಎಂದು ಮೊದಲನೇ ವಚನದಲ್ಲೇ ಹೇಳಿದ್ದವನು ಮತ್ತೆ ಯಾಕೆ ಕೇಳಬೇಕು? ಇಡೀ ಕೀರ್ತನೆಯ ತಿರುಳು ಇಲ್ಲಿದೆ ಎಂದು ನನ್ನ ನಂಬಿಕೆ. ಮೊದಲು ತಪ್ಪಿಸಿಕೊಳ್ಳಲಾಗದ ಸಂಗತಿಯಾಗಿದ್ದದ್ದು ಕೊನೆಗೆ ಅವನೇ ಬಯಸುವ ಸಂಗತಿಯಾಗಿದೆ.

ಓದುವಾಗ ಎಡವುವ ಜಾಗಗಳೂ ಇವೆ. ಇಬ್ರಿಯರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ 13ನೇ ವಚನ, ದೇವರ ಕಣ್ಣಿಗೆ ಮರೆಯಾದದ್ದು ಯಾವುದೂ ಇಲ್ಲ ಎನ್ನುತ್ತದೆ. ಅಲ್ಲಿಗೇ ನಿಂತರೆ ಭಯ ಮಾತ್ರ ಉಳಿಯುತ್ತದೆ. 16ರವರೆಗೆ ಓದಲೇಬೇಕು: ನಮ್ಮ ಬಲಹೀನತೆಗಳಲ್ಲಿ ಅನುತಾಪ ತೋರುವ ಮಹಾಯಾಜಕನಿದ್ದಾನೆ (ಯೇಸುವೇ ಆತ), ಆದ್ದರಿಂದ ಧೈರ್ಯದಿಂದ ಕೃಪಾಸನದ, ಅಂದರೆ ಕೃಪೆ ತೋರುವ ದೇವರ ಸಿಂಹಾಸನದ, ಬಳಿಗೆ ಬನ್ನಿ. ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಮೂರು ಸಲ ಯೇಸುವನ್ನು ಅರಿಯೆನೆಂದವನು, ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಯೇಸು ಮೂರನೆಯ ಸಲ ಕೇಳಿದಾಗ ‘ನಿನಗೆ ಎಲ್ಲವೂ ಗೊತ್ತು’ ಎಂಬುದನ್ನೇ ಆಧಾರವಾಗಿ ಹಿಡಿಯುತ್ತಾನೆ. ಅವನ ಪ್ರೀತಿಗೆ ಬೇರೆ ಸಾಕ್ಷಿಯೇ ಇರಲಿಲ್ಲ.

ದೇವರಿಗೆ ಗೊತ್ತಿದ್ದರೆ ಪ್ರಾರ್ಥನೆ ಯಾಕೆ ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಏಳುತ್ತದೆ. ಮತ್ತಾಯ 6:8ರಲ್ಲಿ, ಬೇಡುವ ಮೊದಲೇ ತಂದೆ ಬಲ್ಲನು ಎಂದ ಯೇಸು ಮರು ವಚನದಲ್ಲೇ ಪ್ರಾರ್ಥನೆ ಕಲಿಸುತ್ತಾನೆ. ಮಾಹಿತಿ ಕೊಡುವ ಹೊರೆ ಇಳಿದ ಮೇಲೆ ಮಾತು ಚಿಕ್ಕದಾದರೂ ಸಾಕು.

ಇನ್ನೊಂದು ತೊಡಕು, ಪರೀಕ್ಷಿಸುವ ಕೆಲಸವನ್ನು ನಾವೇ ವಹಿಸಿಕೊಳ್ಳುವುದು. ಹಳೆಯ ತಪ್ಪುಗಳನ್ನು ಕೆದಕುತ್ತಾ ಹೋದರೆ ಕೊನೆಯಿಲ್ಲ. 23ನೇ ವಚನ ಹೇಳಿ ಐದು ನಿಮಿಷ ಸುಮ್ಮನಿರಿ. ಯಾವುದಾದರೂ ಒಂದು ಸಂಗತಿ ಸ್ಪಷ್ಟವಾಗಿ ಎದ್ದುಬಂದರೆ ಅದನ್ನು ಒಪ್ಪಿಕೊಳ್ಳಿ, ಯಾರೊಂದಿಗಾದರೂ ಸರಿಮಾಡಿಕೊಳ್ಳಬೇಕಿದ್ದರೆ ಮಾಡಿಕೊಳ್ಳಿ, ಅಷ್ಟಕ್ಕೆ ನಿಲ್ಲಿಸಿ. ಏನೂ ಬರದಿದ್ದರೆ ಹುಡುಕಿ ತರಬೇಡಿ. ಮನಸ್ಸು ಆಮೇಲೂ ಚುಚ್ಚುತ್ತಿದ್ದರೆ ಯೋಹಾನನ ಮೊದಲ ಪತ್ರಿಕೆಯ 3:20 ಓದಿ. ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು.

ಮನುಷ್ಯರ ಕಾವಲುಗಣ್ಣಿನಲ್ಲಿ ನೊಂದವರಿಗೆ ಈ ಕೀರ್ತನೆ ಮೊದಲಿಗೆ ಉಸಿರುಗಟ್ಟಿಸಬಹುದು. ಅವರು ಆದಿಕಾಂಡ 16ರಲ್ಲಿ ಯಜಮಾನಿ ಸಾರಯಳ ಕಾಟ ತಾಳದೆ ಓಡಿಹೋದ ದಾಸಿ ಹಾಗರಳಿಂದ ಶುರುಮಾಡುವುದು ಒಳ್ಳೆಯದು. ಆ ಅಧ್ಯಾಯದಲ್ಲಿ ಸಾರಯಳಾಗಲಿ ಅವಳ ಗಂಡ ಅಬ್ರಾಮನಾಗಲಿ ಹಾಗರಳ ಹೆಸರೆತ್ತುವುದಿಲ್ಲ, ದಾಸಿ ಎಂದಷ್ಟೇ ಅನ್ನುತ್ತಾರೆ. ಅಡವಿಯ ಒರತೆಯ ಬಳಿ ದೇವದೂತನು ಹಾಗರಳನ್ನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ವಿಚಾರಿಸುತ್ತಾನೆ. ಅವಳು ದೇವರನ್ನು ತನ್ನನ್ನು ನೋಡುವವನೆಂದು ಕರೆದದ್ದು ಆಮೇಲೆ.

ಸಾವಿನ ಮನೆಯಲ್ಲಿ ಓದುವವರಿಗೆ ಒಂದು ಮಾತು. ದಿನಗಳೆಲ್ಲ ಗ್ರಂಥದಲ್ಲಿ ಬರೆದಿವೆ ಎಂಬ 16ನೇ ವಚನವನ್ನು ದುಃಖಕ್ಕೆ ಉತ್ತರವಾಗಿ ಎತ್ತಿ ಹೇಳಬೇಡಿ. ಅಳುತ್ತಿರುವವರಿಗೆ ಅದು ‘ಇದು ಆಗಲೇಬೇಕಿತ್ತು, ಸುಮ್ಮನಿರು’ ಎಂದಂತೆ ಕೇಳಿಸುತ್ತದೆ. ಅಲ್ಲಿಗೆ ಕಣ್ಣೀರನ್ನು ಬುದ್ದಲಿಯಲ್ಲಿ (ತೊಗಲಿನ ಚೀಲದಲ್ಲಿ) ತುಂಬಿಡು ಎಂದು ಬೇಡುವ 56ನೇ ಕೀರ್ತನೆ ಸಾಕು. ಅದನ್ನೂ ನಿಧಾನವಾಗಿ ಓದಿ, ವಿವರಣೆ ಕೊಡದೆ ಜೊತೆಯಲ್ಲಿ ಕೂತಿರಿ.