ಬೂತೋ, ಮನೆಯೋ: ಅಂಗವಿಕಲ ಮತದಾರರು ಮೊದಲೇ ತೀರ್ಮಾನಿಸಬೇಕಾದ ಸಂಗತಿ

ವೀಲ್‌ಚೇರ್ ಬಂದಿಲ್ಲ, ರ್‍ಯಾಂಪ್ ಇಲ್ಲ ಎಂಬ ಜಗಳ ಶುರುವಾಗುವುದು ಮತದಾನದ ದಿನ ಬೆಳಿಗ್ಗೆ. ಅಷ್ಟು ಹೊತ್ತಿಗೆ ಬೂತಿನಲ್ಲಿ ಕೂತವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಯಾವ ಮತಗಟ್ಟೆಗೆ ಏನು ಬೇಕು ಎಂಬ ಲೆಕ್ಕ ಹಾಕುವುದು ಮತದಾರರ ಪಟ್ಟಿಯಲ್ಲಿ ಅಂಗವಿಕಲರೆಂದು ಗುರುತಾದವರನ್ನು ನೋಡಿ. ಪಿಂಚಣಿ ಬರುತ್ತಿದೆ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇದೆ ಎಂದಮಾತ್ರಕ್ಕೆ ಆ ಗುರುತು ತಾನಾಗಿ ಬೀಳುವುದಿಲ್ಲ. ಅದು ಬೇರೆ ಇಲಾಖೆಯ ಕಡತ. ಹೊಸದಾಗಿ ಹೆಸರು ಸೇರಿಸುವವರಿಗೆ ನಮೂನೆ 6ರಲ್ಲೇ ಅಂಗವೈಕಲ್ಯದ ಕಾಲಂ ಇದೆ. ಈಗಾಗಲೇ ಪಟ್ಟಿಯಲ್ಲಿರುವವರು ನಮೂನೆ 8 ಕೊಡಬೇಕು. ವಿಳಾಸ ಬದಲಾವಣೆಗೂ ತಿದ್ದುಪಡಿಗೂ ಬಳಸುವ ಅದೇ ನಮೂನೆ, ಅಂಗವಿಕಲರೆಂದು ಗುರುತಿಸಲು ಅದರಲ್ಲೊಂದು ಆಯ್ಕೆ ಇದೆ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಬಹುದು, ಚುನಾವಣಾ ಆಯೋಗದ ಸಕ್ಷಮ್ ಆ್ಯಪ್‌ನಲ್ಲೂ ಹಾಕಬಹುದು. ಹಳ್ಳಿಯಲ್ಲಾದರೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಹಿಡಿದರೆ ಕೆಲಸ ಬೇಗ ಆಗುತ್ತದೆ. ಚುನಾವಣೆ ಘೋಷಣೆಯಾಗಲಿ ಎಂದು ಕಾಯುತ್ತ ಕೂರಬೇಡಿ.

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ 18 ತುಂಬಿದರೂ ಎಷ್ಟೋ ತಂದೆತಾಯಿ ಹೆಸರು ಸೇರಿಸುವುದೇ ಇಲ್ಲ, ವೋಟಿನ ಹಕ್ಕಿಲ್ಲ ಎಂದುಕೊಂಡಿರುತ್ತಾರೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೇ ಕಲಂ ಹೊರಗಿಡುವುದು ಸಮರ್ಥ ನ್ಯಾಯಾಲಯ ಅಸ್ವಸ್ಥಚಿತ್ತರೆಂದು ಘೋಷಿಸಿದವರನ್ನು ಮಾತ್ರ. ಡಾಕ್ಟರ ಸರ್ಟಿಫಿಕೇಟು ನ್ಯಾಯಾಲಯದ ಘೋಷಣೆಯಲ್ಲ. ಬಿಎಲ್‌ಒ ಬೇಡವೆಂದರೂ ಒಪ್ಪಬೇಕಿಲ್ಲ.

ಇನ್ನು ಮನೆಯಿಂದ ಮತದಾನ. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಇದು ಮೊದಲು ಬಂದದ್ದು 2023ರಲ್ಲಿ. ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದವರು ನಮೂನೆ 12ಡಿ ತುಂಬಿ, ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಕೊಡಬೇಕು. ಹಿರಿಯರಿಗೆ ಮೊದಲು 80 ವರ್ಷ ಇದ್ದ ಮಿತಿ 2024ರಲ್ಲಿ 85 ಆಯಿತು. ಹೆಚ್ಚಿನವರು ಎಡವುವುದು ಗಡುವಿನಲ್ಲಿ: ಅಧಿಸೂಚನೆ ಹೊರಟ ಐದು ದಿನದೊಳಗೆ ಅರ್ಜಿ ಸೇರಬೇಕು. ಆಯೋಗ ಪತ್ರಿಕಾಗೋಷ್ಠಿ ಮಾಡಿ ದಿನಾಂಕ ಹೇಳುವುದು ಅಧಿಸೂಚನೆಯಲ್ಲ, ಅದು ಆಮೇಲೆ ಬರುತ್ತದೆ. ಅರ್ಜಿ ಒಪ್ಪಿಗೆಯಾದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’ (ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತಪತ್ರ) ಎಂದು ಬೀಳುತ್ತದೆ. ಬಿತ್ತೆಂದರೆ ಮುಗಿಯಿತು, ಮತದಾನದ ದಿನ ಮನಸ್ಸು ಬದಲಾಯಿಸಿ ಬೂತಿಗೆ ಹೋದರೆ ವಾಪಸ್ ಕಳಿಸುತ್ತಾರೆ. ತಂಡ ಮೊದಲೇ ತಿಳಿಸಿ ಮನೆಗೆ ಬರುತ್ತದೆ. ಆ ದಿನ ನೀವು ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತದೆ, ಮೂರನೇ ಸಲ ಇಲ್ಲ.

ಮನೆಯಲ್ಲಿ ಕೈಗೆ ಬರುವುದು ಯಂತ್ರವಲ್ಲ, ಕಾಗದದ ಅಂಚೆ ಮತಪತ್ರ. ಗುರುತು ಹಾಕಿದ ಮತಪತ್ರ 13ಬಿ ಎಂಬ ಸಣ್ಣ ಲಕೋಟೆಗೆ ಹೋಗಬೇಕು. ಆ ಸಣ್ಣ ಲಕೋಟೆ ಮತ್ತು 13ಎ ಘೋಷಣಾಪತ್ರ, ಎರಡೂ 13ಸಿ ದೊಡ್ಡ ಲಕೋಟೆಗೆ. ಎಣಿಕೆ ದಿನ ಮೊದಲು ನೋಡುವುದು ಘೋಷಣಾಪತ್ರವನ್ನು. ಅದನ್ನು ಮತಪತ್ರದ ಜೊತೆಗೇ ಸಣ್ಣ ಲಕೋಟೆಗೆ ತುರುಕಿದ್ದರೆ, ಸಹಿ ಬಿಟ್ಟುಹೋಗಿದ್ದರೆ, ಮತಪತ್ರದ ಕ್ರಮಸಂಖ್ಯೆ ತಾಳೆಯಾಗದಿದ್ದರೆ ಸಣ್ಣ ಲಕೋಟೆಯನ್ನು ತೆರೆಯುವುದೇ ಇಲ್ಲ. ಮತ ತಿರಸ್ಕೃತ. ಅವಸರದಲ್ಲಿರುವ ತಂಡವನ್ನು ನಿಲ್ಲಿಸಿ ಈ ಮೂರನ್ನೂ ನೋಡಿಕೊಳ್ಳಿ. ಮನೆಯವರೆಲ್ಲ ಸುತ್ತ ನಿಂತು ‘ಅದಕ್ಕೇ ಒತ್ತಪ್ಪ’ ಎನ್ನುವುದನ್ನೂ ನಿಲ್ಲಿಸಬೇಕು, ತಂಡದವರು ಮುಜುಗರಕ್ಕೆ ಸುಮ್ಮನಿದ್ದುಬಿಡುತ್ತಾರೆ.

ಹೀಗಾಗಿ ಬ್ರೈಲ್ ಓದಬಲ್ಲ ಅಂಧರು, ಬೂತಿಗೆ ಹೋಗುವ ಸ್ಥಿತಿಯಲ್ಲಿದ್ದರೆ, ಬೂತಿಗೇ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗುಟ್ಟಾಗಿ, ಸ್ವಂತ ಬೆರಳಿನಿಂದ ಮತ ಹಾಕುವ ಅವಕಾಶ ಇರುವುದು ಅಲ್ಲಿ. ಮತಗಟ್ಟೆ ಅಧ್ಯಕ್ಷಾಧಿಕಾರಿಯ ಹತ್ತಿರ ಬ್ರೈಲ್ ಮಾದರಿ ಮತಪತ್ರ ಇರುತ್ತದೆ, ಕೇಳಿ ಪಡೆಯಬೇಕು. ಅದರಲ್ಲಿ ಕ್ರಮಸಂಖ್ಯೆ, ಹೆಸರು, ಪಕ್ಷ ಓದಿಕೊಂಡು ಸಂಖ್ಯೆ ನೆನಪಿಟ್ಟುಕೊಳ್ಳಿ. ಬ್ಯಾಲೆಟ್ ಯೂನಿಟ್‌ನಲ್ಲಿ ನೀಲಿ ಬಟನ್‌ಗಳ ಪಕ್ಕ ಬ್ರೈಲ್ ಸಂಖ್ಯೆಗಳಿವೆ. ಒಂದು ಯೂನಿಟ್‌ಗೆ ನೋಟಾ ಸೇರಿ 16 ಹೆಸರು ಮಾತ್ರ. ಹೆಸರುಗಳು ಅದಕ್ಕಿಂತ ಹೆಚ್ಚಿದ್ದರೆ ಎರಡನೇ ಯೂನಿಟ್ ಇರುತ್ತದೆ, ಒಳಗೆ ಹೋಗುವ ಮುನ್ನ ಎಷ್ಟು ಯೂನಿಟ್ ಎಂದು ಕೇಳಿಬಿಡಿ. ಉದ್ದನೆಯ ಬೀಪ್ ಕೇಳಿಸುವವರೆಗೆ ಹೊರಗೆ ಬರಬೇಡಿ. ಯಾರಿಗೆ ಮತ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಬೀಳುತ್ತದೆ, ಕಣ್ಣಿಲ್ಲದವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಈ ಕೊರತೆ ಯಂತ್ರದ್ದು, ಮತದಾರರದ್ದಲ್ಲ.

ಸಹಾಯಕರು ಬೇಕೆನಿಸಿದರೆ 1961ರ ಚುನಾವಣಾ ನಿಯಮಗಳ 49ಎನ್ ಇದೆ. ಸಹಾಯಕರಿಗೆ 18 ತುಂಬಿರಬೇಕು, ಅದೇ ದಿನ ಬೇರೆ ಯಾರಿಗೂ ಸಹಾಯಕರಾಗಿರಬಾರದು, ಮತದ ಗುಟ್ಟು ಕಾಯುವೆನೆಂದು ಬರೆದುಕೊಡಬೇಕು. ಅವರ ಬಲಗೈ ತೋರುಬೆರಳಿಗೆ ಶಾಯಿ ಹಚ್ಚುತ್ತಾರೆ; ಎಡಗೈಯದು ಅವರ ಸ್ವಂತ ಮತಕ್ಕೆ. ಪಕ್ಷದ ಕಾರ್ಯಕರ್ತನೊಬ್ಬ ಸಾಲಾಗಿ ನಾಲ್ಕು ಜನ ಅಜ್ಜಂದಿರನ್ನು ಕರೆತಂದು ತಾನೇ ಒತ್ತುವುದನ್ನು ತಡೆಯುವುದು ಈ ಶಾಯಿಯೇ. ಸಹಾಯಕರನ್ನು ಕರೆದುಕೊಂಡೇ ಬರಬೇಕೆಂದು ಅಧಿಕಾರಿ ಒತ್ತಾಯಿಸುವಂತಿಲ್ಲ.

ರ್‍ಯಾಂಪ್ ವಿಷಯಕ್ಕೆ ಬಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಕಲಂ ಎಲ್ಲ ಮತಗಟ್ಟೆಗಳೂ ಸುಗಮವಾಗಿರಬೇಕು ಎನ್ನುತ್ತದೆ. ಲೆಕ್ಕ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಶಾಲೆಯ ಜಗಲಿಗೆ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ 5.4 ಮೀಟರ್ ಬೇಕು. ಎರಡು ಮೀಟರಿನ ಪ್ಲೈವುಡ್ ಹಲಗೆ ಒರಗಿಸಿಟ್ಟರೆ ಹತ್ತಿಸುವಾಗ ಮುಂದಿನ ಚಕ್ರ ಎದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅಂಥ ಹಲಗೆ ಕಂಡರೆ ಇಳಿಸುವಾಗಲಾದರೂ ಕುರ್ಚಿಯನ್ನು ಹಿಮ್ಮುಖವಾಗಿಯೇ ಇಳಿಸಿ. ಹಿಂದಿನ ದಿನವೇ ಬೂತು ನೋಡಿಕೊಂಡು ಬಂದು ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡುವುದು ಇನ್ನೂ ಉತ್ತಮ.

ನಮೂನೆ 12ಡಿ ಲೋಕಸಭೆ, ವಿಧಾನಸಭೆ ಚುನಾವಣೆಗಳ ವ್ಯವಸ್ಥೆ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ಸೌಲಭ್ಯ ಏನೆಂದು ತಹಶೀಲ್ದಾರ್ ಕಚೇರಿಯಲ್ಲಿ ಬೇರೆಯಾಗಿಯೇ ಕೇಳಬೇಕು.